ತಂತಿಗೆ ಚುಚ್ಚಿದ ಚೀಟಿಗಳು: ಮಿಲ್ಟ್ರಿ ಮನೆಯ ಅವ್ವನ ಬದುಕು ಬರೆದಿಟ್ಟ ನನ್ನ ಅನುಭವ

ಅವ್ವನ ಬದುಕು ಬರೆದಿಡಬೇಕು ಅಂತ ಕೂತಾಗ ಕೈಗೆ ಸಿಕ್ಕಿದ್ದೆಲ್ಲ ಅಪ್ಪನದು.

ಕಪ್ಪು ಟ್ರಂಕು ಅಪ್ಪನದು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಆರ್ಮಿ ನಂಬರ್, ರ್ಯಾಂಕ್, ಹೆಸರು. ಮಿಲ್ಟ್ರಿಗೆ ಹೋದವರ ಮನೆಯಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ. ರ್ಯಾಂಕ್ ಇದ್ದ ಕಡೆ ಬಣ್ಣ ದಪ್ಪಗಿದೆ. ಸ್ಯಾಪರ್ ಅಳಿಸಿ ನಾಯಕ್, ನಾಯಕ್ ಅಳಿಸಿ ಹವಾಲ್ದಾರ್. ಒಳಗೆ ಡಿಸ್ಚಾರ್ಜ್ ಬುಕ್, ಮೆಡಲ್‌ಗಳು, 64 ಇನ್‌ಲ್ಯಾಂಡ್ ಪತ್ರಗಳು. ಪತ್ರಗಳೆಲ್ಲ ಅಪ್ಪ ಬರೆದವು. ಅವ್ವ ಬರೆಸಿದ್ದು, ಆಮೇಲೆ ಅವಳೇ ಬರೆದದ್ದು, ಒಂದೂ ಇಲ್ಲ. ಯಾಕೆ ಅಂತ ಹೊಳೆಯೋಕೆ ಎರಡು ದಿನ ಬೇಕಾಯಿತು. ಗಡಿಯಿಂದ ಬಂದ ಪತ್ರ ಮನೆಯಲ್ಲಿ ಉಳಿಯುತ್ತದೆ. ಮನೆಯಿಂದ ಗಡಿಗೆ ಹೋದ ಪತ್ರ ಎಲ್ಲಿ ಉಳಿಯಬೇಕು? ಇವತ್ತು ಇಲ್ಲಿ ಟೆಂಟು ಹಾಕಿ ನಾಳೆ ಕಿತ್ತುಕೊಂಡು ಹೋಗುವವನು ಎಷ್ಟಂತ ಕಾಗದ ಹೊರುತ್ತಾನೆ?

ಎಷ್ಟೋ ಮಿಲ್ಟ್ರಿ ಮನೆಗಳಲ್ಲಿ ಹೀಗೇ ಆಗಿರುತ್ತದೆ. ಅದಕ್ಕೇ ನಾನು ಮಾಡಿದ್ದನ್ನು ಹೇಳುತ್ತಿದ್ದೇನೆ.

ನಮ್ಮದು ಕೊಪ್ಪಳ ಜಿಲ್ಲೆ, ಯಲಬುರ್ಗಾ ತಾಲೂಕಿನ ಒಂದು ಹಳ್ಳಿ. ಎರೆ ಹೊಲ, ಮಳೆ ಬಂದರೆ ಬೆಳೆ. ಅಪ್ಪ 1974ರಲ್ಲಿ ಬೆಂಗಳೂರಿಗೆ ಹೋಗಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಭರ್ತಿಯಾದ. ಹಲಸೂರು ಕೆರೆಯ ಪಕ್ಕ ಅದರ ಸೆಂಟರ್ ಇದೆ. ಸೇತುವೆ ಕಟ್ಟೋದು, ರಸ್ತೆ ಮಾಡೋದು, ನೆಲದಲ್ಲಿ ಹೂತ ಮೈನ್ ತೆಗೆಯೋದು ಅವರ ಕೆಲಸ. 1978ರಲ್ಲಿ ಮದುವೆ. ಅವ್ವನಿಗೆ ಆಗ 18. ಅಪ್ಪ 20 ವರ್ಷ ಮುಗಿಸಿ 1994ರಲ್ಲಿ ಮನೆಗೆ ಬಂದ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ. ಬೇಕೆಂದಾಗ ಅದೂ ಸಿಗುತ್ತಿರಲಿಲ್ಲ. ನಾನು ಲೆಕ್ಕ ಹಾಕಿ ನೋಡಿದೆ. ಮದುವೆಯಾದ ಮೊದಲ 16 ವರ್ಷದಲ್ಲಿ ಅವರಿಬ್ಬರೂ ಒಂದೇ ಸೂರಿನಡಿ ಇದ್ದದ್ದು ಐದು ವರ್ಷವೂ ಆಗಲಿಲ್ಲ.

ಊರಲ್ಲಿ ಅವ್ವನನ್ನು ಹೆಸರು ಹಿಡಿದು ಕರೆದವರು ಕಡಿಮೆ. "ಮಿಲ್ಟ್ರಿಯವರ ಹೆಂಡ್ತಿ" ಅಂತಿದ್ದರು. ಡಿಸ್ಚಾರ್ಜ್ ಬುಕ್ಕಿನಲ್ಲೂ ಅಷ್ಟೇ. ಹೆಂಡತಿ ಅಂತ ಒಂದು ಸಾಲು, ಮಕ್ಕಳು ಅಂತ ಎರಡು ಸಾಲು. 2022ರಲ್ಲಿ ಅವ್ವ ಹೋದಳು. ವರ್ಷದ ಕಾರ್ಯಕ್ಕೆ ಬಂದವರಿಗೆ ಸ್ಟೀಲ್ ಡಬ್ಬಿ ಕೊಡೋಣ ಅಂದರು ಮನೆಯವರು. ನಾನು ಒಂದು ಸಣ್ಣ ಪುಸ್ತಕ ಮಾಡಿ ಕೊಡೋಣ ಅಂದೆ.

ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ, ನೀವು ಮಾಡಬಾರದು ಅಂತ. ತೀರಾ ಹಳೆಯ ಮೂರು ಇನ್‌ಲ್ಯಾಂಡ್‌ಗಳನ್ನು ಲ್ಯಾಮಿನೇಷನ್ ಮಾಡಿಸಿದೆ. ಕೈಯಲ್ಲಿ ಹಿಡಿದರೆ ಮಡಿಕೆ ಬಿಡುತ್ತಿದ್ದವು, ಗಟ್ಟಿಯಾಗಲಿ ಅಂತ. ಬಿಸಿಗೆ ಮಡಿಕೆ ಒಳಗೇ ಮುರಿದು ಅಡ್ಡಡ್ಡ ಕೂತವು. ಎರಡು ಸಾಲು ಮುಚ್ಚಿಹೋದವು. ಈಗ ತೆಗೆಯೋಕೆ ಬರಲ್ಲ. ಆಮೇಲೆ ಯಾವುದಕ್ಕೂ ಲ್ಯಾಮಿನೇಷನ್ ಇಲ್ಲ, ಸೆಲೋಟೇಪ್ ಇಲ್ಲ. ಪತ್ರವನ್ನು ಬಿಚ್ಚಿ, ಮೇಲೆ ಒಂದು ಗಾಜು ಇಟ್ಟು, ಬೆಳಿಗ್ಗೆ ಕಿಟಕಿ ಬೆಳಕಿನಲ್ಲಿ ಮೊಬೈಲ್‌ನಿಂದ ಫೋಟೊ ತೆಗೆದೆ. ಫ್ಲಾಶ್ ಹಾಕಲಿಲ್ಲ. ಫೈಲಿಗೆ ವರ್ಷ, ತಿಂಗಳು ಸೇರಿಸಿ ಹೆಸರು ಕೊಟ್ಟೆ. ಮೂಲ ಪತ್ರಗಳು ಬಟರ್ ಪೇಪರ್ ನಡುವೆ ಮತ್ತೆ ಟ್ರಂಕಿಗೆ ಹೋದವು.

ಇನ್ನು ಆ ತಂತಿ.

ಅಂಗಡಿಗಳಲ್ಲಿ ಬಿಲ್ಲು ಚುಚ್ಚಿಡೋಕೆ ಕೊಕ್ಕೆ ತಂತಿ ಇರುತ್ತದಲ್ಲ, ಅಂಥದ್ದು. ಅಡುಗೆಮನೆಯ ಮೂಲೆಯಲ್ಲಿ, ಉಪ್ಪಿನ ಗಡಿಗೆಯ ಮೇಲಿನ ಮೊಳೆಗೆ ಯಾವಾಗಲೂ ನೇತಾಡುತ್ತಿತ್ತು. ಚಿಕ್ಕಂದಿನಿಂದ ನೋಡಿದ್ದೆ, ಏನು ಅಂತ ಕೇಳಿರಲಿಲ್ಲ. ಅದರಲ್ಲಿ 118 ಮನಿಯಾರ್ಡರ್ ಚೀಟಿಗಳಿದ್ದವು. ಮನಿಯಾರ್ಡರ್ ಫಾರ್ಮಿನಲ್ಲಿ ಹರಿದು ಕೊಡುವ ಒಂದು ತುಂಡು ಇರುತ್ತಿತ್ತು. ದುಡ್ಡು ಕಳಿಸಿದವರು ಅದರಲ್ಲಿ ಎರಡು ಮಾತು ಬರೆಯಬಹುದು. ಪೋಸ್ಟ್‌ಮ್ಯಾನ್ ದುಡ್ಡು ಎಣಿಸಿ ಅಜ್ಜನ ಕೈಗೆ ಕೊಡುತ್ತಿದ್ದ. ಚೀಟಿ ಅವ್ವ ಇಸಿದುಕೊಳ್ಳುತ್ತಿದ್ದಳು. ಅವಳಿಗೆ ಆಗ ಓದೋಕೆ ಬರುತ್ತಿರಲಿಲ್ಲ. ಹೊಗೆಗೆ ಚೀಟಿಗಳು ಬೆಲ್ಲದ ಬಣ್ಣಕ್ಕೆ ತಿರುಗಿವೆ. ಪ್ರತಿಯೊಂದರ ನಡುವೆ ಒಂದೇ ಅಳತೆಯ ತೂತು.

ಇಂಥದ್ದು ಸಿಕ್ಕರೆ ದಯವಿಟ್ಟು ಸುಮ್ನೆ ಎಳೆದು ತೆಗೆಯಬೇಡಿ. ತಂತಿಗೆ ಚುಚ್ಚಿದ್ದು ಬಂದ ಕ್ರಮದಲ್ಲೇ ಇರುತ್ತದೆ. ತಳದಲ್ಲಿ ಮೊದಲನೆಯದು, ಮೇಲೆ ಕೊನೆಯದು. ಎಷ್ಟೋ ಚೀಟಿಗಳ ಮೇಲೆ ಅಂಚೆ ಮುದ್ರೆ ಮಸುಕಾಗಿತ್ತು. ಆದರೂ ಮೇಲಿನದು, ಕೆಳಗಿನದು ನೋಡಿ ತಿಂಗಳು ಹಿಡಿಯಬಹುದಿತ್ತು. ನಾನು ಒಂದೊಂದೇ ತೆಗೆದು, ಹಿಂದೆ ಪೆನ್ಸಿಲ್‌ನಲ್ಲಿ 1ರಿಂದ 118ರವರೆಗೆ ನಂಬರ್ ಹಾಕಿದೆ. ಆಮೇಲೆ ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿದೆ. ತಿಂಗಳು, ಮೊತ್ತ, ಬರೆದ ಮಾತು.

ಆ ಕೋಷ್ಟಕವೇ ಪುಸ್ತಕದ ಬೆನ್ನೆಲುಬಾಯಿತು. ಮನಿಯಾರ್ಡರ್ ಬರದ ತಿಂಗಳು ಅಂದರೆ ಅಪ್ಪ ರಜೆಗೆ ಬಂದಿದ್ದ ತಿಂಗಳು. ಇಲ್ಲ ಅವ್ವ ಕ್ವಾರ್ಟರ್ಸ್‌ನಲ್ಲಿದ್ದ ಕಾಲ. ಮೊತ್ತವೂ ಕಥೆ ಹೇಳುತ್ತದೆ. 1981ರಲ್ಲಿ ತಿಂಗಳಿಗೆ 150 ರೂಪಾಯಿ. 1983ರಲ್ಲಿ 200. 1987ರ ಹೊತ್ತಿಗೆ ಒಮ್ಮೆಲೇ 400. ಅದು ನಾಲ್ಕನೇ ವೇತನ ಆಯೋಗದ ಏರಿಕೆ, 1986ರ ಜನವರಿಯಿಂದ ಲೆಕ್ಕ ಹಿಡಿದದ್ದು. ಆ ವರ್ಷ ನಮ್ಮ ಮನೆಗೆ ಎಮ್ಮೆ ಬಂದದ್ದು ನನಗೆ ನೆನಪಿದೆ.

ಒಂದು ಚೀಟಿ ಮಾತ್ರ ಸಾಲು ತಪ್ಪಿ ಕೂತಿತ್ತು. ನವೆಂಬರ್ ಅಂತ ಓದೋಕೆ ಬರುತ್ತಿತ್ತು. ವರ್ಷ 8 ಆದಮೇಲೆ ಮಸುಕು. "ತೊಟ್ಟಿಲಿಗೆ 50 ರೂಪಾಯಿ ಜಾಸ್ತಿ ಹಾಕೀನಿ" ಅಂತ ಅಪ್ಪ ಬರೆದಿದ್ದ. ತಮ್ಮ ಹುಟ್ಟಿದ್ದು 1983ರ ಅಕ್ಟೋಬರ್. ಹಾಗಾಗಿ ಅದು 83 ಅಂದುಕೊಂಡೆ. ಆದರೆ ತಂತಿಯಲ್ಲಿ ಅದು ಇದ್ದದ್ದು 1981ರ ಚೀಟಿಗಳ ನಡುವೆ. ಅವ್ವ ಯಾವಾಗಲೋ ತೆಗೆದು ನೋಡಿ ತಪ್ಪು ಜಾಗಕ್ಕೆ ಚುಚ್ಚಿರಬೇಕು ಅಂತ, ಕೋಷ್ಟಕದಲ್ಲಿ ನಾನೇ ಅದನ್ನು 1983ಕ್ಕೆ ತಂದೆ.

ಪತ್ರಗಳ ತಾರೀಖು ಹಿಡಿಯೋದು ಬೇರೆ ತರಹದ ಕೆಲಸ. ಅಪ್ಪ ದಿನ ಬರೆದರೆ ವರ್ಷ ಬರೆಯುತ್ತಿರಲಿಲ್ಲ. ಮಿಲ್ಟ್ರಿ ಅಂಚೆಯಲ್ಲಿ ಊರಿನ ಹೆಸರೂ ಇರಲ್ಲ. ಯೂನಿಟ್ ಹೆಸರು, ಕೇರ್ ಆಫ್ 56 ಎಪಿಒ (ಮಿಲ್ಟ್ರಿ ಅಂಚೆ ಕಚೇರಿ), ಇಲ್ಲ 99 ಎಪಿಒ, ಅಷ್ಟೇ. 56 ಅಂದರೆ ದೆಹಲಿ ಕಡೆಯಿಂದ ಹಾದು ಬಂದದ್ದು, 99 ಅಂದರೆ ಕೋಲ್ಕತ್ತಾ ಕಡೆಯಿಂದ. ಮುದ್ರೆಯಲ್ಲಿ ಫೀಲ್ಡ್ ಪೋಸ್ಟ್ ಆಫೀಸಿನ ನಂಬರ್ ಮಾತ್ರ. ಗಂಡ ಎಲ್ಲಿದ್ದಾನೆ ಅಂತ ಹೆಂಡತಿಗೆ ಗೊತ್ತಾಗುತ್ತಿದ್ದದ್ದು ಇಷ್ಟೇ, ಯಾವುದೋ ಎರಡಂಕಿ. ಡಿಸ್ಚಾರ್ಜ್ ಬುಕ್, ಬಡ್ತಿಯ ದಿನ, ಹಬ್ಬದ ಮಾತು, ಮಳೆಯ ಮಾತು ಎಲ್ಲ ಕೂಡಿಸಿ ವರ್ಷ ಹಿಡಿದೆ. ವಿಳಾಸದಲ್ಲಿ "ಜಿಲ್ಲೆ ರಾಯಚೂರು" ಅಂತ ಇದ್ದದ್ದು ನೋಡಿ ನನ್ನ ಮಗಳು ಇದು ನಮ್ಮ ಪತ್ರ ಅಲ್ಲ ಅಂದುಕೊಂಡಿದ್ದಳು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ ಅಂತ ಅವಳಿಗೆ ಹೇಳಬೇಕಾಯಿತು.

ಈಗ ಮುಖ್ಯ ಮಾತು. ಅಪ್ಪನ ಪತ್ರಗಳಲ್ಲಿ ಅವ್ವನನ್ನು ಹುಡುಕಿದ್ದು ಹೇಗೆ?

ಅಜ್ಜ ಇದ್ದಷ್ಟು ದಿನ ಎಲ್ಲ ಪತ್ರಗಳೂ ಅವನ ಹೆಸರಿಗೆ. "ತೀರ್ಥರೂಪ ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು" ಅಂತ ಶುರು. ಹೊಲ, ಎತ್ತು, ಸಾಲ, ಬೀಜ. ಮಡಿಸುವ ಅಂಚಿನಲ್ಲಿ ಕೊನೆಗೆ ಒಂದು ಸಾಲು, "ಅಕೀಗೆ ಹುಷಾರಾಗಿರು ಅನ್ನಿರಿ." ಅಕಿ ಅಂದರೆ ಅವ್ವ. ಕೂಡು ಮನೆಯಲ್ಲಿ ಅಷ್ಟೇ ಬರೆಯೋಕೆ ಆಗುತ್ತಿದ್ದದ್ದು. ಮೊದಮೊದಲು ನಾನು ಬರೀ ಆ ಅಂಚಿನ ಸಾಲುಗಳನ್ನು ಆರಿಸಿ ಬರೆದುಕೊಂಡೆ. 64 ಪತ್ರಕ್ಕೆ ಒಂದೂವರೆ ಪುಟ ಆಯಿತು. ಅತ್ತುಬಿಟ್ಟೆ.

ಮತ್ತೆ ಓದುವಾಗ ಒಂದು ಸಾಲು ತಡೆಯಿತು. ಅಜ್ಜನಿಗೆ ಅಪ್ಪ ಬರೆದಿದ್ದ, "ಹಿತ್ತಲ ನುಗ್ಗಿ ಗಿಡ ಕಡಿಯಬೇಡಿರಿ. ಹುಡುಗಿಗೆ ಸೊಪ್ಪು ಬೇಕಾಗುತ್ತದೆ." ಹುಡುಗಿ ಅಂದರೆ ನಾನು. ಗಿಡ ಕಡಿಯುತ್ತೇನೆ ಅಂತ ಅಜ್ಜ ಮಗನಿಗೆ ಪತ್ರ ಬರೆಯುತ್ತಾನಾ? ಗಿಡ ಕಡಿಯೋದು ಬೇಡ ಅನ್ನಿಸಿದ್ದು ಅವ್ವನಿಗೆ. ಮಾವನ ಎದುರು ಮಾತಾಡೋಕೆ ಆಗದೆ ಗಂಡನಿಗೆ ತಿಳಿಸಿದ್ದಾಳೆ. ಆ ಮಾತು ಹಿಮಾಲಯದ ಕಡೆಗೆ ಹೋಗಿ, ಮಗನ ಮಾತಾಗಿ ಮನೆಗೆ ಬಂದಿದೆ. ನುಗ್ಗೆ ಗಿಡ ಇವತ್ತಿಗೂ ಇದೆ.

ಅಲ್ಲಿಂದ ನಾನು ಓದುವ ರೀತಿ ಬದಲಾಯಿತು. ಅಜ್ಜ ತಿಳಿಸಿರಲಾರದ ಸುದ್ದಿ ಯಾವುದು ಅಂತ ನೋಡುತ್ತಾ ಹೋದೆ. ಕೆಂಪು ಪೆನ್ಸಿಲ್ ಹಿಡಿದು ಗುರುತು ಹಾಕಿದೆ, ಮೂಲದ ಮೇಲೆ ಹಾಕಲಿಲ್ಲ, ಜೆರಾಕ್ಸ್ ಮೇಲೆ. "ದೊಡ್ಡ ಬಾವಿ ನೀರು ಕುಡಿಯಬೇಡಿರಿ." "ಅತ್ತಿಗೆಯ ಕಣ್ಣಿಗೆ ಬಳ್ಳಾರಿ ದವಾಖಾನೆಗೆ ತೋರಿಸಿರಿ." "ಹುಡುಗಿಯನ್ನು ಸಾಲಿ ಬಿಡಿಸಬೇಡಿರಿ." ಇಂಥ 71 ಸಾಲು ಸಿಕ್ಕವು. ಒಂದೊಂದಕ್ಕೂ ಎದುರು ಅವ್ವ ಏನು ಕೇಳಿರಬಹುದು ಅಂತ ಬರೆದೆ. ಸುಮ್ಮನಿದ್ದಳು ಅಂತ ನಾವು ತಿಳಿದಿದ್ದ ಹೆಂಗಸು ಇಡೀ ಮನೆ ನಡೆಸಿದ್ದಳು. ನನ್ನ ಓದು ಉಳಿದದ್ದು ಅವಳಿಂದ ಅಂತ ನನಗೆ 42ನೇ ವಯಸ್ಸಿನಲ್ಲಿ ಗೊತ್ತಾಯಿತು.

ಅಕ್ಷರ ಬರದವಳ ಪತ್ರ ಬರೆದವರು ಯಾರು? ಹಿಂದಿನ ಮನೆಯ ಹುಡುಗಿ. ನಾನು ಅಕ್ಕ ಅಂತೀನಿ. ಆಗ ಏಳನೇ ಕ್ಲಾಸು. ಈಗ ಗಂಗಾವತಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಹೋಗಿ ಮಾತಾಡಿಸಿದೆ.

ಮಾತಾಡಿಸುವ ಬಗ್ಗೆ ನನಗೆ ತಿಳಿದದ್ದು ಇಷ್ಟು. "ಅವ್ವನ ಬಗ್ಗೆ ಹೇಳು" ಅಂದರೆ ಯಾರೂ ಹೇಳಲ್ಲ. "ಭಾಳ ಒಳ್ಳೆಯಾಕಿ ಇದ್ಲು" ಅಂದು ಸುಮ್ಮನಾಗುತ್ತಾರೆ. ಕೈಗೆ ಒಂದು ವಸ್ತು ಕೊಡಬೇಕು. ನಾನು ಎರಡು ಇನ್‌ಲ್ಯಾಂಡ್, ನಾಲ್ಕು ಚೀಟಿ ಒಯ್ದಿದ್ದೆ. ರೆಕಾರ್ಡ್ ಮಾಡ್ಲಾ ಅಂತ ಮೊದಲೇ ಕೇಳಿದೆ. ಮಧ್ಯಾಹ್ನ ಊಟ ಆದಮೇಲೆ, ಫ್ಯಾನ್ ಬಂದ್ ಮಾಡಿ, ಮೊಬೈಲನ್ನು ದಿಂಬಿನ ಮೇಲಿಟ್ಟು ಕೂತೆವು. ಫ್ಯಾನಿನ ಸದ್ದು ರೆಕಾರ್ಡಿಂಗ್‌ನಲ್ಲಿ ಮಾತನ್ನೇ ನುಂಗಿಬಿಡುತ್ತದೆ.

ಅಕ್ಕ ಇನ್‌ಲ್ಯಾಂಡ್ ಮೂಸಿ ನೋಡಿದಳು. "ನಿಮ್ಮವ್ವ ದನದ ಮನ್ಯಾಗ ಕುಂತು ಹೇಳಾಕಿ, ನಾ ಬರಿಯಾಕಿ. ನಾ ಸಾಲಿ ಚೀಲದಾಗ ಇಟ್ಕೊಂಡು ಹೋಗಿ ಡಬ್ಬಿಗೆ ಹಾಕ್ತಿದ್ದೆ. ನಿಮ್ಮಜ್ಜಗ ಗೊತ್ತಿರ್ಲಿಲ್ಲ." ಶುರು ಯಾವಾಗಲೂ ಒಂದೇ. ಇತ್ತ ನಾವೆಲ್ಲರೂ ಕ್ಷೇಮ, ಅತ್ತ ನಿಮ್ಮ ಕ್ಷೇಮದ ಬಗ್ಗೆ ಪತ್ರ ಬರೆಯಿರಿ. "ಆಮ್ಯಾಗ ಭಾಳ ಹೊತ್ತು ಸುಮ್ನಿರತಿದ್ಲು. ಸಣ್ಣ ಹುಡುಗಿ ಮುಂದ ಏನ ಹೇಳ್ತಾಳವ್ವಾ ಗಂಡಗ? ಎಮ್ಮಿ, ಗಿಡ, ಬಾವಿ, ಅಷ್ಟ ಹೇಳಾಕಿ."

ಇದನ್ನೆಲ್ಲ ಅವಳ ಮಾತಿನಲ್ಲೇ ಬರೆದೆ. ಪುಸ್ತಕದ ಕನ್ನಡಕ್ಕೆ ತಿರುಗಿಸಲಿಲ್ಲ. ಮೊಬೈಲಿನ ಧ್ವನಿ ಟೈಪಿಂಗ್ ನಮ್ಮ ಕಡೆ ಮಾತು ಹಿಡಿಯಲಿಲ್ಲ, ಕೇಳಿ ಕೇಳಿ ಕೈಯಲ್ಲೇ ಟೈಪ್ ಮಾಡಿದೆ. ಒಂದು ಗಂಟೆ ಮಾತಿಗೆ ಮೂರು ಸಂಜೆ ಹಿಡಿಯಿತು.

1984ರಲ್ಲಿ ಅಪ್ಪನಿಗೆ ಪುಣೆಯ ದಾಪೋಡಿಗೆ ಪೋಸ್ಟಿಂಗ್ ಆಯಿತು, ಮಿಲಿಟರಿ ಎಂಜಿನಿಯರಿಂಗ್ ಕಾಲೇಜಿಗೆ. ಪೀಸ್ ಸ್ಟೇಷನ್, ಅಂದರೆ ಗಡಿಯಿಂದ ದೂರದ ಜಾಗ, ಹಾಗಾಗಿ ಕ್ವಾರ್ಟರ್ಸ್ ಸಿಕ್ಕಿತು. ಅವ್ವ, ನಾನು, ತಮ್ಮ ಹೋದೆವು. ಎರಡು ವರ್ಷವೂ ಆಗಲಿಲ್ಲ. ಅದೇ ಅವಳ ಸಂಸಾರ. ಪಕ್ಕದ ಕ್ವಾರ್ಟರ್ಸ್‌ನಲ್ಲಿ ತಮಿಳರು, ಎದುರಿಗೆ ಪಂಜಾಬಿನವರು. ಚಳಿಗಾಲದ ಬಿಸಿಲಿಗೆ ಹೆಂಗಸರೆಲ್ಲ ಹೊರಗೆ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಭಾಷೆ ಬಾರದ ಅವ್ವ ಮೊದಲು ಕಲಿತದ್ದು ಸಲಾಯಿ, ಅಂದರೆ ಹೆಣೆಯುವ ಕಡ್ಡಿ, ಹಿಡಿಯೋದು. ಅವಳು ಒಯ್ದಿದ್ದ ಕಡಕ್ ರೊಟ್ಟಿ, ಗುರೆಳ್ಳು ಪುಡಿ ಕೊಟ್ಟು ಉಲ್ಟಾ ಸೀಧಾ ಹೆಣಿಗೆ ಕಲಿತಳು. 1986ರ ಮಾರ್ಚಿಗೆ ಅಜ್ಜ ತೀರಿಕೊಂಡ, ಊರಿಗೆ ಬಂದೆವು. ಯಲಬುರ್ಗಾದ ಬಿಸಿಲಿಗೆ ಸ್ವೆಟರ್ ಯಾರಿಗೆ ಬೇಕು? ಆದರೂ ಅವ್ವ ಹೆಣೆದಳು. ಕೂಸು ಹುಟ್ಟಿದ ಮನೆಗೆಲ್ಲ ಒಂದೊಂದು ಟೊಪ್ಪಿಗೆ ಕೊಟ್ಟಳು. ನಾನು ಪುಸ್ತಕಕ್ಕೆ ಅಂತ ಕೇಳಿಕೊಂಡು ಹೋದಾಗ ಊರಲ್ಲಿ ಆರು ಟೊಪ್ಪಿಗೆ ಸಿಕ್ಕವು. ಅವನ್ನು ಹಾಕಿಕೊಂಡಿದ್ದ ಕೂಸುಗಳಿಗೆ ಈಗ ಮೀಸೆ ಬಂದಿದೆ. ಆರನ್ನೂ ಸಾಲಾಗಿ ಇಟ್ಟು ಫೋಟೊ ತೆಗೆದೆ. ಪುಸ್ತಕದಲ್ಲಿ ನನಗೆ ಜಾಸ್ತಿ ಇಷ್ಟವಾದ ಪುಟ ಅದು.

ಅದೇ ವರ್ಷ ಮೇ ತಿಂಗಳಲ್ಲಿ ಅಕ್ಕನ ಮದುವೆಯಾಯಿತು. ಪತ್ರ ಬರೆಯುವ ಕೈ ಗಂಗಾವತಿಗೆ ಹೋಯಿತು. ಜೂನ್‌ನಲ್ಲಿ ನನ್ನನ್ನು ಒಂದನೇ ಕ್ಲಾಸಿಗೆ ಹಾಕಿದರು. ನನ್ನ ಪಾಟಿಯ ಮುಂದೆ ಅವ್ವನೂ ಕೂತಳು. ನಾನು ಅ ಬರೆದರೆ ಅವಳೂ ಅ. ಒಂದು ಸಂಜೆ "ಕ್ಷ ಹ್ಯಾಂಗ ಬರೀತಾರ" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಮರುದಿನ ಗುರುಗಳನ್ನು ಕೇಳಿದೆ. ಅವರು ಪಾಟಿಯ ಮೇಲೆ ದೊಡ್ಡದಾಗಿ ಬರೆದುಕೊಟ್ಟರು. ಅಳಿಸಿ ಹೋಗದ ಹಾಗೆ ಪಾಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ಮನೆಗೆ ಬಂದೆ. ಕ್ಷೇಮ ಬರೆಯೋಕೆ ಬೇಕಾಗಿತ್ತು ಅಂತ ಆಗ ತಿಳಿಯಲಿಲ್ಲ.

1987ರಲ್ಲಿ ನಮ್ಮ ಸೈನ್ಯ ಶ್ರೀಲಂಕಾಕ್ಕೆ ಹೋಯಿತು. ಅಪ್ಪನ ಯೂನಿಟ್ಟೂ ಹೋಯಿತು. ಅಕ್ಟೋಬರ್‌ನಲ್ಲಿ ಜಾಫ್ನಾದಲ್ಲಿ ಲಡಾಯಿ ಶುರುವಾಯಿತು. ನವೆಂಬರ್, ಡಿಸೆಂಬರ್ ಚೀಟಿ ತಂತಿಯಲ್ಲಿಲ್ಲ. ಇದು ರಜೆಯ ಖಾಲಿ ತಿಂಗಳಲ್ಲ. ಇದರ ಬಗ್ಗೆ ನನ್ನ ನೆನಪೇ ಸಾಕ್ಷಿ. ಬೆಳಿಗ್ಗೆ ಕಾಕಾ ಆಕಾಶವಾಣಿಯ ಪ್ರದೇಶ ಸಮಾಚಾರ ಹಚ್ಚುತ್ತಿದ್ದ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಶ್ರೀಲಂಕಾ ಅನ್ನೋ ಮಾತು ಬಂದ ಕೂಡಲೇ ಬಡಿಯುವ ಸದ್ದು ನಿಲ್ಲುತ್ತಿತ್ತು. ಸುದ್ದಿ ಮುಂದಿನದಕ್ಕೆ ಹೋದಮೇಲೆ ಮತ್ತೆ ಪಟ್ ಪಟ್. ಪೋಸ್ಟ್‌ಮ್ಯಾನ್ ಸೈಕಲ್ ಗಂಟೆಗೂ ಹಾಗೇ. ನಡುವೆ ನಿಂತ ರೊಟ್ಟಿ ಒಂದು ಕಡೆ ದಪ್ಪ ಆಗಿರುತ್ತಿತ್ತು. ನಾವು ಮಕ್ಕಳು ದಪ್ಪ ರೊಟ್ಟಿ ಅಂತ ತಕರಾರು ಮಾಡಿದ್ದೆವು. ಅದನ್ನೂ ಬರೆದೆ.

ಟ್ರಂಕಿನ ಪತ್ರಗಳು 1987ರ ಸೆಪ್ಟೆಂಬರ್‌ಗೆ ನಿಲ್ಲುತ್ತವೆ. ಅಪ್ಪ ನಿವೃತ್ತನಾದದ್ದು 1994. ನಡುವಿನ ಏಳು ವರ್ಷ ಬರೆಯದೆ ಇದ್ದನಾ? ಇಂಥ ಖಾಲಿ ಜಾಗ ಕಂಡರೆ ಬಿಡಬೇಡಿ, ಹುಡುಕಿ. ಮನೆಯೆಲ್ಲ ಹುಡುಕಿದೆ. ಕೊನೆಗೆ ಉಲನ್ ಚೀಲದಲ್ಲಿ, ಸಲಾಯಿಗಳ ಕೆಳಗೆ, ಕೆಂಪು ನೂಲಿನಲ್ಲಿ ಕಟ್ಟಿದ 23 ಇನ್‌ಲ್ಯಾಂಡ್ ಸಿಕ್ಕವು. ಮೇಲಿನ ವಿಳಾಸದಲ್ಲಿ ಅವ್ವನ ಹೆಸರು. ಅವಳ ಹೆಸರಿಗೇ ಬಂದ ಪತ್ರಗಳು. ಮೊದಲನೆಯದು 1988ರ ಜನವರಿ. ಅಪ್ಪ ಬರೆದದ್ದು ಹೀಗೆ: "ಈ ಸಲದ ಅಕ್ಷರ ಯಾರವು? ಸಾಲು ಏರು ಹತ್ತಿದಂಗ ಮ್ಯಾಲ ಹೋಗ್ಯಾವ. ನಿನ್ನವ ಆಗಿದ್ರ ಇನ್ನ ಮ್ಯಾಲ ಯಾರ ಕೈಲೂ ಬರಸಬ್ಯಾಡ."

ಆ ಪತ್ರಗಳನ್ನು ಓದಲೋ ಬೇಡವೋ ಅಂತ ಒಂದು ವಾರ ಯೋಚಿಸಿದೆ. ಅವ್ವ ಟ್ರಂಕಿನಲ್ಲಿ ಇಡದೆ ಬೇರೆ ಇಟ್ಟಿದ್ದಳು ಅಂದರೆ ಅದಕ್ಕೆ ಅರ್ಥ ಇದೆ, ಅಲ್ವಾ? ಓದಿದೆ. ಪುಸ್ತಕಕ್ಕೆ ಮೂರನ್ನು ಮಾತ್ರ ಹಾಕಿದೆ. ಒಂದರಲ್ಲಿ ಜಗಳ ಇತ್ತು. ಅವ್ವ ಬೆಂಡೋಲೆಯನ್ನು ತನ್ನ ತಮ್ಮನಿಗೆ ಅಡವಿಡಲು ಕೊಟ್ಟಿದ್ದಳು, ಅಪ್ಪ ಸಿಟ್ಟಾಗಿದ್ದ. ಸೋದರಮಾವ ಇದ್ದಾನೆ, ಅವನನ್ನು ಕೇಳದೆ ಹಾಕಬಾರದು ಅಂತ ಹೋಗಿ ಓದಿ ತೋರಿಸಿದೆ. "ಹಾಕವ್ವಾ. ಆ ವರ್ಷ ನಮ್ಮ ಮನಿ ಉಳದದ್ದು ಆಕಿ ಓಲಿಯಿಂದ" ಅಂದ. ಹಾಕಿದೆ. ಉಳಿದ 20 ಪತ್ರಗಳು ಅದೇ ಕೆಂಪು ನೂಲಿನಲ್ಲಿವೆ.

ಅಪ್ಪ 2011ರಲ್ಲಿ ಹೋದ. ಕುಟುಂಬ ಪಿಂಚಣಿಗೆ ಓಡಾಡುವಾಗ ತಿಳಿಯಿತು, ದಾಖಲೆಯಲ್ಲಿ ಅವ್ವನ ಹೆಸರೇ ತಪ್ಪು. ಅವಳದು ಹುಲಿಗಿಯ ದೇವಿಯ ಹೆಸರು. ಇಂಗ್ಲಿಷ್‌ನಲ್ಲಿ ಬರೆಯುವಾಗ ಮೊದಲ ಅಕ್ಷರ ಬಿಟ್ಟುಹೋಗಿ, ಹುಲಿ ಹೋಗಿ ಉಲಿ ಆಗಿತ್ತು. ಎರಡೂ ಹೆಸರಿನವಳು ಒಬ್ಬಳೇ ಅಂತ ಅಫಿಡವಿಟ್ ಮಾಡಿಸಿ, ಕಚೇರಿಯಿಂದ ಕಚೇರಿಗೆ ತಿರುಗಿ ಸರಿಯಾಗೋಕೆ ಬಹಳ ತಿಂಗಳು ಹಿಡಿದವು. ಅಪ್ಪ ಇದ್ದಾಗಲೇ ನೋಡಿಕೊಳ್ಳಬೇಕಿತ್ತು. ಮಿಲ್ಟ್ರಿಯವರು ಮನೆಯಲ್ಲಿದ್ದರೆ ಇವತ್ತೇ ನೋಡಿ. ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಆದೇಶದ ಪತ್ರ), ಆಧಾರ್, ಮೂರರಲ್ಲೂ ಹೆಂಡತಿಯ ಹೆಸರು, ಹುಟ್ಟಿದ ದಿನ ಒಂದೇ ಇದೆಯಾ ಅಂತ. ತಪ್ಪಿದ್ದರೆ ಸರ್ವಿಸ್ ಮಾಡಿದವರೇ ತಮ್ಮ ರೆಕಾರ್ಡ್ ಆಫೀಸಿಗೆ ಬರೆದು ಸರಿ ಮಾಡಿಸುವುದು ಸುಲಭ.

ಪ್ರತಿ ನವೆಂಬರ್‌ನಲ್ಲಿ ಬದುಕಿದ್ದೇನೆ ಅಂತ ಬ್ಯಾಂಕಿಗೆ ಪ್ರಮಾಣ ಪತ್ರ ಕೊಡಬೇಕಿತ್ತು. ಬೆರಳು ಒತ್ತುವ ಮೆಷಿನ್ ಬಂದಮೇಲೆ ಅವ್ವನ ಹೆಬ್ಬೆರಳು ಹತ್ತಲಿಲ್ಲ. ಒರೆಸಿ ಒತ್ತಿದಳು, ಮತ್ತೊಂದು ಬೆರಳು ಒತ್ತಿದಳು. ಐವತ್ತು ವರ್ಷ ರೊಟ್ಟಿ ಬಡಿದ ಕೈ, ಗೆರೆಗಳೆಲ್ಲ ಸವೆದಿದ್ದವು. ಕೊನೆಗೆ ಕೌಂಟರಿನಲ್ಲಿದ್ದ ಹುಡುಗ ಫಾರ್ಮ್ ಕೊಟ್ಟು, "ಅಜ್ಜಿ, ಸಹಿ ಬರ್ತದೇನು?" ಅಂದ. ಅವ್ವ ಸೆರಗು ಸರಿ ಮಾಡಿಕೊಂಡಳು. ಪೆನ್ನು ಹಿಡಿದು, ಒಂದೊಂದೇ ಅಕ್ಷರ, ಪೂರ್ತಿ ಹೆಸರು ಬರೆದಳು. ಸಾಲು ಮೇಲಕ್ಕೆ ಹತ್ತಿತ್ತು. ಆ ಫಾರ್ಮಿನ ಜೆರಾಕ್ಸ್ ನನ್ನ ಹತ್ತಿರ ಇತ್ತು. ಪುಸ್ತಕದ ಮುಖಪುಟಕ್ಕೆ ಅವಳ ಫೋಟೊ ಹಾಕಲಿಲ್ಲ. ಆ ಸಹಿ ಹಾಕಿದೆ. ಅವ್ವನ ಕೈಬರಹ ಅಂತ ಉಳಿದದ್ದು ಅದೊಂದೇ.

ಅಚ್ಚಿನ ಕೆಲಸ ದೊಡ್ಡದೇನಲ್ಲ. 72 ಪುಟ, ನೋಟ್‌ಬುಕ್ಕಿನ ಅರ್ಧ ಅಳತೆ, ಎಂಟು ಪುಟ ಕಲರ್, ನಡುವೆ ಪಿನ್. ಕೊಪ್ಪಳದಲ್ಲಿ 40 ಪ್ರತಿ ಮಾಡಿಸಿದೆ. ಅಕ್ಷರ ದೊಡ್ಡದು ಹಾಕಿಸಿದೆ, ಓದುವವರೆಲ್ಲ ವಯಸ್ಸಾದವರು ಅಂತ.

ವರ್ಷದ ಕಾರ್ಯಕ್ಕೆ ಅಕ್ಕ ಗಂಗಾವತಿಯಿಂದ ಬಂದಳು. ಊಟ ಆದಮೇಲೆ ಹಿತ್ತಲಲ್ಲಿ, ನುಗ್ಗೆ ಗಿಡದ ಕೆಳಗೆ ಕೂತು ಪುಸ್ತಕ ಓದಿದಳು. ಒಂದು ಪುಟಕ್ಕೆ ಬಂದು ನಿಂತಳು. ನನ್ನನ್ನು ಕರೆದಳು. 1983, ತಮ್ಮನ ತೊಟ್ಟಿಲಿಗೆ 50 ರೂಪಾಯಿ ಅಂತ ನಾನು ಬರೆದಿದ್ದ ಪುಟ.

"ಇದು ನಿನ್ನ ತಮ್ಮಂದಲ್ಲವ್ವಾ" ಅಂದಳು.

1981ರ ಅಕ್ಟೋಬರ್‌ನಲ್ಲಿ ಒಂದು ಹೆಣ್ಣು ಕೂಸು ಹುಟ್ಟಿತ್ತು. ಒಂಬತ್ತು ದಿನ ಇತ್ತು. ಹುಟ್ಟಿದ ದಿನವೇ ಅಜ್ಜ ಅಪ್ಪನಿಗೆ ಪತ್ರ ಹಾಕಿದ್ದ. ಅಪ್ಪನ ದುಡ್ಡು ಬರೋದರೊಳಗೆ ಕೂಸು ಇರಲಿಲ್ಲ. ಚೀಟಿ ಓದಿ ಹೇಳಿದ್ದು ಅಕ್ಕನೇ. ಅವಳಿಗೆ ಆಗ 14 ವರ್ಷ. "ನಾ ಓದಿದೆ. ನಿಮ್ಮವ್ವ ಇನ್ನೊಮ್ಮೆ ಓದು ಅಂದ್ಲು. ಇನ್ನೊಮ್ಮೆ ಓದಿದೆ. ಇಸ್ಕೊಂಡು ತಂತಿಗೆ ಚುಚ್ಚಿದ್ಲು. ಆಮ್ಯಾಗ ಪತ್ರ ಬರಿ ಅಂದ್ಲು. ಇತ್ತ ನಾವೆಲ್ಲರೂ ಕ್ಷೇಮ ಅಂತ ಹೇಳಿದ್ಲು. ನಾ ಕೇಳಿದೆ, ಕೂಸಿಂದು ಬರೀಲೇನು ಅಂತ. ಬ್ಯಾಡ, ಬರೀಬ್ಯಾಡ ಅಂದ್ಲು. ಅಲ್ಲಿ ಅವರೊಬ್ಬರ ಅದಾರ ಅಂದ್ಲು."

ಅಪ್ಪ ಜನವರಿಯಲ್ಲಿ ರಜೆಗೆ ಬಂದು, ತೊಟ್ಟಿಲು ಎಲ್ಲಿ ಅಂತ ಕೇಳಿದನಂತೆ.

ಮೊತ್ತ ನೋಡಿದ್ದರೂ ನನಗೆ ತಿಳಿಯಬೇಕಿತ್ತು. ಚೀಟಿಯಲ್ಲಿ 200 ಇತ್ತು. 1981ರ 150, ಮೇಲೆ 50. 1983 ಆಗಿದ್ದರೆ 250 ಇರಬೇಕಿತ್ತು.

ನಾನು ಅಕ್ಕನಿಗೆ ಪೆನ್ನು ಕೊಟ್ಟೆ. ಆ ಪುಟದ ಅಂಚಿನಲ್ಲಿ ಅವಳು ಎಲ್ಲವನ್ನೂ ಬರೆದಳು, ಅದೇ ದುಂಡನೆಯ ಸಾಲಿ ಅಕ್ಷರದಲ್ಲಿ. ಉಳಿದ 39 ಪ್ರತಿಗಳ ಆ ಪುಟಕ್ಕೆ ಅದರ ಜೆರಾಕ್ಸ್ ಮಾಡಿಸಿ ಅಂಟಿಸಿದೆ. ನೋಟ್‌ಬುಕ್ಕಿನ ಕೋಷ್ಟಕದಲ್ಲಿ ಆ ಚೀಟಿಯನ್ನು ಮತ್ತೆ ಅವ್ವ ಚುಚ್ಚಿದ್ದ ಜಾಗಕ್ಕೇ ಬರೆದಿದ್ದೇನೆ.